ಎಲ್ಲವೂ ಎಡಗಾಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮವ್ವ ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಸುಳ್ಳು. ಮೂಗಿನ ತುದಿಯಲ್ಲಿದ್ದರೆ ಸೆರಗಿನಿಂದ ಒರೆಸಿಕೊಳ್ಳಬಹುದಿತ್ತು. ನನ್ನದು ನಾಲಿಗೆಯ ತುದಿಯಲ್ಲಿದೆ, ಬಾಯಿ ತೆರೆದರೆ ಸಾಕು, ಉದುರುತ್ತದೆ. ಅದರ ಜೊತೆಗೆ ಜಂಬ ಬೇರೆ. ಜಂಬದ ಮಾತನ್ನು ಅವ್ವ ಎಲ್ಲಿಯೂ ಎತ್ತುವುದಿಲ್ಲ, ಯಾಕೆಂದರೆ ಅದು ಅವಳ ಕಡೆಯಿಂದಲೇ ಬಂದದ್ದು.

ಅವ್ವ ಸಿರುಗುಪ್ಪದ ಕಡೆಯ ನಮ್ಮೂರು ಕರೂರಿನಲ್ಲಿ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿನ ಮುಂದಾಳು. ಯಾರ ಗದ್ದೆಗೆ ಯಾವತ್ತು ಹೋಗಬೇಕು, ಯಾರ ಪಕ್ಕ ಯಾರು ನಿಲ್ಲಬೇಕು, ಎಲ್ಲಾ ಅವಳದ್ದೇ ಕಾರುಬಾರು. ಗದ್ದೆಯ ಗೌಡರೇ ಬದುವಿನ ಮೇಲೆ ನಿಂತು ಏನಾದರೂ ಹೇಳಲು ಹೋದರೆ, "ನೀವು ನೆಳ್ಳಿಗೆ ಕುಂದರ್ರಿ ಗೌಡ್ರ, ನಾವು ನೋಡ್ಕೋತೀವಿ" ಅನ್ನುತ್ತಾಳೆ. ಅಂಥವಳ ಮಗಳು ನಾನು. ಸಿರುಗುಪ್ಪದಲ್ಲಿ ಪಿಯುಸಿ ಮುಗಿಸಿ, ಬಳ್ಳಾರಿಗೆ ಬಂದು, ಕಂಟೋನ್ಮೆಂಟಿನಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ ಉಳಿದುಕೊಂಡು ಒಂದು ಜೀನ್ಸ್ ಯೂನಿಟ್ಟಿಗೆ ಸೇರಿದೆ. ಹೊಲಿದು ಬಂದ ಪ್ಯಾಂಟುಗಳ ಮೇಲೆ ಉಳಿದ ದಾರದ ತುದಿಗಳನ್ನು ಕತ್ತರಿಸುವುದು ಮೊದಲ ಕೆಲಸ. ಆಮೇಲೆ ಹೊಲಿಗೆ ಮಷಿನ್. ಆದರೆ ನನ್ನ ಕಣ್ಣೆಲ್ಲ ಶೆಡ್ಡಿನ ನಡುವೆ ಇದ್ದ ಕಟಿಂಗ್ ಟೇಬಲ್ಲಿನ ಮೇಲೇ ಇತ್ತು.

ಟೇಬಲ್ಲೆಂದರೆ ಈ ಗೋಡೆಯಿಂದ ಆ ಗೋಡೆಯವರೆಗೆ ಹಾಸಿದ ಹಲಗೆ. ಅದರ ಮೇಲೆ ಡೆನಿಮ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸುತ್ತಾರೆ. ಎಲ್ಲಕ್ಕಿಂತ ಮೇಲಿನ ಪದರದಲ್ಲಿ ಸೀಮೆಸುಣ್ಣದಿಂದ ಪ್ಯಾಂಟಿನ ಭಾಗಗಳನ್ನು ಬರೆದು, ಕರೆಂಟಿನ ಕೈಮಷಿನ್ ಹಿಡಿದು ಎಲ್ಲಾ ಪದರಗಳನ್ನೂ ಒಮ್ಮೆಗೇ ಕತ್ತರಿಸುತ್ತಾರೆ. ಇಡೀ ಯೂನಿಟ್ಟು ಆ ಒಂದು ಕೈಯ ಮೇಲೆ ನಿಂತಿರುತ್ತದೆ. ಅದು ಗಂಡಸರ ಕೆಲಸವೆಂದು ಯಾರೋ ಯಾವಾಗಲೋ ತೀರ್ಮಾನ ಮಾಡಿಬಿಟ್ಟಿದ್ದರು. ಯಾರು, ಯಾವಾಗ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ನಮ್ಮ ಕಟಿಂಗ್ ಮಾಸ್ತರು ವಯಸ್ಸಾದ ಒಬ್ಬ ಉಸ್ತಾದ್. ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಾನು ಟೇಬಲ್ಲಿನ ಸುತ್ತ ಸುಳಿದಾಡುವುದನ್ನು ನೋಡಿ ನೋಡಿ, ಒಂದು ದಿನ ಅವರೇ ಸೀಮೆಸುಣ್ಣ ಕೈಗೆ ಕೊಟ್ಟರು. ಮೂರು ವರ್ಷ ಕಲಿಸಿದರು. ನಾನು ಬೇಗ ಕಲಿತೆ, ಅದರಲ್ಲಿ ಸುಳ್ಳಿಲ್ಲ. ಚಾಚಾನ ಕಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆಂದು ರಜೆ ಹಾಕಬೇಕಾದಾಗ ಮಾಲೀಕರ ಮುಂದೆ ಹೋಗಿ, "ಈ ಬೇಟಿ ಮಾಡ್ತಾಳ, ಫಿಕರ್ ಮಾಡಬ್ಯಾಡ್ರಿ" ಅಂದರು.

ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕುರುಗೋಡು ಅಂಗಡಿ ಮಾಲು ಐತಿ. ಇದೊಂದು ಕಟಿಂಗ್ ಸರಿಯಾಗಿ ಮಾಡಮ್ಮಾ, ಟೇಬಲ್ ನಿನಗ. ಕೆಟ್ಟಿತಂದ್ರ ಹೊರಗಿಂದ ಒಬ್ಬ ಮಾಸ್ತರನ್ನ ಕರಸ್ತೀನಿ" ಅಂದರು.

ಅವತ್ತು ಅವ್ವನಿಗೆ ಫೋನು ಮಾಡಿ, "ನಾ ಮಾಸ್ತರಾದೆ" ಎಂದೆ. ಇನ್ನೂ ಒಂದು ಗೇಣು ಬಟ್ಟೆ ಕತ್ತರಿಸಿರಲಿಲ್ಲ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಿಡಿದದ್ದು ಹೊಸ ಉಪಾಯ. ಚಾಚಾ ಯಾವಾಗಲೂ ಎಡಗಾಲು, ಬಲಗಾಲು ಎರಡನ್ನೂ ಬರೆಯುತ್ತಿದ್ದರು. ಬಟ್ಟೆಯ ನೀಲಿ ಮುಖ ಪ್ರತಿ ಪದರದಲ್ಲೂ ಮೇಲೇ ಇರುತ್ತಿತ್ತು. ನಿಧಾನದ ಕೆಲಸ. ಒಂದೇ ಕಾಲು ಬರೆದರೆ ಅರ್ಧ ಹೊತ್ತು ಉಳಿಯುತ್ತದೆ, ಚಾಚಾನಿಗಿಂತ ನಾನು ಚುರುಕು ಅಂತ ತೋರಿಸಬಹುದು ಎಂದು ಲೆಕ್ಕ ಹಾಕಿದೆ. ಉಪಾಯವೇನೋ ಸರಿಯಾದದ್ದೇ, ದೊಡ್ಡ ಯೂನಿಟ್ಟುಗಳಲ್ಲಿ ಮಾಡುತ್ತಾರೆ. ಆದರೆ ಹಾಗೆ ಮಾಡುವಾಗ ಬಟ್ಟೆಯನ್ನು ಎದುರುಬದುರು ಹಾಸಬೇಕು. ಒಂದು ಪದರದ ನೀಲಿ ಮೇಲೆ, ಅದರ ಮೇಲಿನದರ ನೀಲಿ ಕೆಳಗೆ. ಆಗ ಒಂದೇ ಕೊಯ್ತಕ್ಕೆ ಒಂದು ಪದರದಿಂದ ಎಡಗಾಲು, ಇನ್ನೊಂದರಿಂದ ಬಲಗಾಲು ಬರುತ್ತದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನಾನು ಮಾಸ್ತರಾದ ಸಡಗರದಲ್ಲಿ ತಲೆಯಿಂದ ಹಾರಿಹೋಯಿತು.

ಬಟ್ಟೆ ಹಾಸುವವಳು ಬಾದನಹಟ್ಟಿಯ ಒಬ್ಬ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡನಿಲ್ಲ, ಹೈಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ದಿನಾ ಬೆಳಿಗ್ಗೆ ಊರಿಂದ ಕುರುಗೋಡಿಗೆ, ಕುರುಗೋಡಿನಿಂದ ಬಳ್ಳಾರಿಗೆ ಎರಡು ಗಾಡಿ ಬದಲಿಸಿ ಬರುತ್ತಿದ್ದಳು. ಚಾಚಾನ ಟೇಬಲ್ಲಿಗೆ ಎಂಟು ವರ್ಷದಿಂದ ಅವಳೇ ಹಾಸುತ್ತಿದ್ದಳು. ಎಂದಿನಂತೆ ನೀಲಿ ಮೇಲೆ ಮಾಡಿ ಎಲ್ಲಾ ಪದರ ಹಾಸಿ ಮುಗಿಸಿದ ಮೇಲೆ ನನ್ನ ಗುರುತು ನೋಡಿದಳು. ಬಗ್ಗಿ ಇನ್ನೊಮ್ಮೆ ನೋಡಿದಳು.

"ತಂಗೀ, ನೀ ಒಂದ ಕಾಲಿಂದು ಬರದೀಯಲ್ಲ. ಬಟ್ಟಿ ಎದ್ರುಬದ್ರು ಹಾಸಬೇಕಲ್ಲೇನು?"

ಇಪ್ಪತ್ತು ಮಂದಿ ಹೊಲಿಗೆಯವರು ನೋಡುತ್ತಿದ್ದಾರೆ. ಮೊದಲ ದಿನ. ಹಾಸುವವಳು ಮಾಸ್ತರಿಗೆ ಬುದ್ಧಿ ಹೇಳುತ್ತಿದ್ದಾಳೆ! ನನ್ನ ನಾಲಿಗೆ ಉದುರಿಸಿತು: "ಹಾಸೋದು ನಿನ್ನ ಕೆಲಸ, ಕೊಯ್ಯೋದು ನಂದು. ನನಗ ಕಲಸಾಕ ಬರಬ್ಯಾಡ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ನಾನು ಸ್ವಿಚ್ ಒತ್ತಿದೆ. ಎಷ್ಟು ಚಂದ ಕೊಯ್ದೆನೆಂದರೆ, ಇವತ್ತಿಗೂ ಹೇಳುತ್ತೇನೆ, ಅಷ್ಟು ನಯವಾದ ಕೊಯ್ತ ಆ ಶೆಡ್ಡಿನಲ್ಲಿ ಯಾರೂ ಕೊಯ್ದಿರಲಿಲ್ಲ. ಒಂದು ಎಳೆ ಆಚೆ ಈಚೆ ಇಲ್ಲ.

ಗಂಟು ಕಟ್ಟಿ ಹೊಲಿಗೆ ಸಾಲಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಬ್ಬಳು ಕೂಗಿದಳು: "ಯಕ್ಕಾ, ಬಲಗಾಲು ಎಲ್ಲೈತಿ?"

"ಇನ್ನೊಂದು ಗಂಟಿನ್ಯಾಗ ನೋಡಲೇ" ಎಂದೆ.

ನೋಡಿದರು. ಅದರಲ್ಲೂ ಎಡಗಾಲು. ಮೂರನೆಯ ಗಂಟು ಬಿಚ್ಚಿದರು, ನಾಲ್ಕನೆಯದು ಬಿಚ್ಚಿದರು. ಶೆಡ್ಡಿನ ತುಂಬ ಎಡಗಾಲು. ಮುಂದಿನದೂ ಎಡಗಾಲು, ಹಿಂದಿನದೂ ಎಡಗಾಲು. ಜೀನ್ಸಿನ ಒಳಮೈ ಬಿಳಿ, ತಿರುವಿ ಹೊಲಿದರೆ ಒಂದು ಕಾಲು ನೀಲಿ, ಇನ್ನೊಂದು ಸುಣ್ಣ ಬಳಿದಂತೆ. ಬಟ್ಟೆಯ ಬೇರೆ ಥಾನು ಬಿಚ್ಚಿ ಬಲಗಾಲು ಕೊಯ್ಯೋಣವೆಂದರೆ ಒಂದೊಂದು ಥಾನಿನ ನೀಲಿ ಒಂದೊಂದು ತರಹ, ವಾಷಿಂಗಿಗೆ ಹೋಗಿ ಬಂದರೆ ಎರಡು ಕಾಲು ಎರಡು ಮನೆಯವು ಅನ್ನುವಂತೆ ಕಾಣುತ್ತವೆ. ಯಾರೋ ಕಿಸಕ್ಕೆಂದರು.

ಮಾಲೀಕರು ಬಂದರು. ಎರಡು ತುಂಡು ಎತ್ತಿ ಜೋಡಿಸಿ ನೋಡಿದರು, ಬಿಸಾಕಿದರು. "ಏಂಟಮ್ಮಾ ಇದು? ಕುಂಟರ ಊರಿಗೆ ಪ್ಯಾಂಟು ಕಳಸ್ತೀಯೇನು? ಬಟ್ಟಿ ಹಾಸಿದ್ದು ಯಾರು?"

ನಾನು ಬಾದನಹಟ್ಟಿ ಅಕ್ಕನ ಕಡೆ ಬೆರಳು ತೋರಿಸಿ, "ಹಾಸಿದ್ದು ಆಕಿ" ಎಂದೆ.

ಅದು ಸುಳ್ಳಲ್ಲ ನೋಡಿ. ಹಾಸಿದ್ದು ಅವಳೇ. ಒಂದು ಅಕ್ಷರ ಸುಳ್ಳಿಲ್ಲದೆ ಅಷ್ಟು ದೊಡ್ಡ ಸುಳ್ಳನ್ನು ನಾನು ಅದಕ್ಕೂ ಮೊದಲು ಹೇಳಿರಲಿಲ್ಲ, ಆಮೇಲೂ ಹೇಳಿಲ್ಲ. ನಾಳೆಯಿಂದ ಬರಬೇಡ ಎಂದು ಮಾಲೀಕರು ಅವಳಿಗೆ ಹೇಳಿದರು. ಅವಳು ಮೂಲೆಯಲ್ಲಿದ್ದ ಬುತ್ತಿ ಚೀಲ ತೆಗೆದುಕೊಂಡಳು, ನನ್ನ ಮುಖ ಒಮ್ಮೆ ನೋಡಿದಳು, ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಗುಳಕ್ಕೆ ತಿರುಗಿ ಬೈಯಲು ನನಗೆ ಬರುತ್ತದೆ.

ಸಂಜೆ ನೇರವಾಗಿ ಚಾಚಾನ ಮನೆಗೆ ಹೋದೆ. ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಎಡಗಾಲಿನ ಕಥೆ ಹೇಳಿದೆ. ಪುಣ್ಯಾತ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣಿಗೆ ಒತ್ತಡ ಬೀಳುತ್ತದೆ, ನಗಬೇಡಿ ಎಂದು ಒಳಗಿನಿಂದ ಚಾಚಿ ಗದರಿದರು. ನಗು ನಿಂತ ಮೇಲೆ ನಾನು ಉಳಿದ ಅರ್ಧ ಹೇಳಿದೆ. ಆಗ ಅವರ ಮುಖ ಸಣ್ಣದಾಯಿತು.

"ಬಟ್ಟಿ ಕೆಟ್ಟರ ಚಡ್ಡಿ ಮಾಡಬೌದು ಬೇಟಿ. ಸಣ್ಣ ಹುಡುಗರ ಚಡ್ಡಿ ಬರ್ತಾವ ಅದರಾಗ, ನಾ ಬಂದು ಕೊಯ್ದು ಕೊಡ್ತೀನಿ. ಆದ್ರ ಆ ಹೆಣ್ಮಗಳಿಗೆ ಏನ್ ಮಾಡ್ತೀ?"

"ಮಾಲೀಕರಿಗೆ ಹೇಳಿದ್ರ ಟೇಬಲ್ ಹೋಗ್ತೈತಿ, ಚಾಚಾ."

"ಹೋಗ್ತೈತಿ. ಹೋಗ್ಲಿ ಬಿಡು. ಮಷಿನ್ ಹಿಡಿಯಾಕ ಧೈರ್ಯ ಐತಿ ನಿನಗ. ತಪ್ಪಾತು ಅನ್ನಾಕ ಇಲ್ಲಂದ್ರ ಅದು ಧೈರ್ಯ ಅಲ್ಲ, ಬರೇ ಸದ್ದು."

ಎದ್ದು ಬಂದುಬಿಟ್ಟೆ. ಚಹಾ ಕೂಡ ಕುಡಿಯಲಿಲ್ಲ. ದಾರಿಯುದ್ದಕ್ಕೂ ಚಾಚಾನಿಗೆ ಮನಸ್ಸಿನಲ್ಲೇ ಬೈದೆ. ಕಂಟೋನ್ಮೆಂಟ್ ತಲುಪುವ ಹೊತ್ತಿಗೆ ಬೈಗುಳ ಖಾಲಿಯಾಗಿ ಅವರ ಮಾತೊಂದೇ ಉಳಿದಿತ್ತು.

ಮರುದಿನ ಮಾಲೀಕರ ಮುಂದೆ ನಿಂತು, ಒಂದೇ ಉಸಿರಿಗೆ ಹೇಳಿದೆ. ಗುರುತು ನನ್ನದು, ತಪ್ಪು ನನ್ನದು, ಅಕ್ಕ ಮೊದಲೇ ಎಚ್ಚರಿಸಿದ್ದಳು, ನಾನೇ ಬಾಯಿ ಮುಚ್ಚಿಸಿದೆ. ಅವರು ಮೊಬೈಲಿನಿಂದ ಕಣ್ಣೆತ್ತದೆ, "ನಿನ್ನೆ ಹೇಳಬೇಕಿತ್ತು" ಅಂದರು. "ಹೋಗಿ ದಾರ ಕತ್ತರಸು."

"ಆಕೀನ ವಾಪಸ್ ಕರೀರಿ."

"ನೀನ ಕಳಿಸಿದ್ದಿ, ನೀನ ಕರಕೊಂಡು ಬಾ. ನಾ ಫೋನ್ ಮಾಡಂಗಿಲ್ಲ."

ಅವತ್ತೇ ಬಸ್ಸು ಹಿಡಿದು ಕುರುಗೋಡಿನಲ್ಲಿ ಇಳಿದು, ಅಲ್ಲಿಂದ ಟಂಟಂ ಆಟೋದಲ್ಲಿ ಬಾದನಹಟ್ಟಿಗೆ ಹೋದೆ. ಮನೆಯಲ್ಲಿ ಅವಳಿರಲಿಲ್ಲ. ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗಿದ್ದಾಳೆ ಎಂದು ಪಕ್ಕದ ಮನೆಯವರು ಹೊಲದ ದಾರಿ ತೋರಿಸಿದರು. ಹೊಲದಲ್ಲಿ ಹತ್ತಾರು ಹೆಂಗಸರು ಸಾಲು ಹಿಡಿದಿದ್ದರು. ನಾನು ಬದುವಿನಿಂದ, "ಯಕ್ಕಾ" ಎಂದು ಕರೆದೆ. ಕತ್ತೆತ್ತಿ ನೋಡಿ, ಮತ್ತೆ ಬಗ್ಗಿದಳು.

"ಸಾಲು ಮುಗೀಲಿ" ಎಂದಳು.

ಸಾಲೋ, ಹೊಲದ ಆ ತುದಿಗೆ ಹೋಗಿತ್ತು. ಬಿಸಿಲಿನಲ್ಲಿ ಎಷ್ಟು ಹೊತ್ತು ನಿಲ್ಲುವುದು? ಚಪ್ಪಲಿ ಬಿಟ್ಟು, ಚೂಡಿದಾರದ ವೇಲು ಸೊಂಟಕ್ಕೆ ಕಟ್ಟಿಕೊಂಡು ಅವಳ ಪಕ್ಕದಲ್ಲೇ ಕಾಯಿ ಬಿಡಿಸಲು ನಿಂತೆ. ಅವಳು ಬೇಡ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ಕರೂರಿನ ಗದ್ದೆ ಹುಡುಗಿಗೆ ಮೆಣಸಿನಕಾಯಿಯ ರೂಢಿ ಎಲ್ಲಿಂದ ಬರಬೇಕು? ಮರೆತು ಬೆವರು ಒರೆಸಿಕೊಂಡೆ. ಕಣ್ಣು, ಕೆನ್ನೆ, ಮೂಗು ಎಲ್ಲಾ ಭಗಭಗ ಉರಿಯತೊಡಗಿತು. ಅಯ್ಯೋ ಎಂದು ಕುಣಿಯುವುದನ್ನು ನೋಡಿ ಆಚೆ ಸಾಲಿನ ಮುದುಕಿಯೊಬ್ಬಳು, "ಯಾರಲೇ ಇದು, ನಿಮ್ಮ ಬಳ್ಳಾರಿ ಮೇಡಮ್ಮು?" ಎಂದು ನಕ್ಕಳು. ಅಕ್ಕ ತನ್ನ ಬುತ್ತಿಯಿಂದ ಮಜ್ಜಿಗೆ ತೆಗೆದು ನನ್ನ ಮುಖಕ್ಕೆ ಹಚ್ಚಿದಳು. ಸಿಟ್ಟಿನಿಂದಲೇ ಹಚ್ಚಿದಳು, ಗೋಡೆಗೆ ಸಗಣಿ ಬಳಿಯುವ ಹಾಗೆ.

"ತಪ್ಪಾತು ಯಕ್ಕಾ" ಎಂದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಎಷ್ಟು ಮೆಣಸಿನಕಾಯಿಯದು, ಎಷ್ಟು ನನ್ನದು ಎಂದು ನನಗೇ ತಿಳಿಯಲಿಲ್ಲ. "ಮಾಲೀಕರಿಗೆ ಎಲ್ಲಾ ಹೇಳೀನಿ. ನಾಳಿಂದ ಬಾ."

"ಮಾಲಕರಿಗೆ ಹೇಳೀದಿ. ಆ ಇಪ್ಪತ್ತು ಮಂದಿಗೆ?"

ಅವಳು ಮುಂದಿನ ಗಿಡಕ್ಕೆ ಸರಿದಳು.

"ಎಂಟು ವರ್ಷದಾಗ ಒಂದು ಪದರ ಸೊಟ್ಟ ಹಾಸಿಲ್ಲ ನಾನು. ಆ ಹೆಣ್ಮಕ್ಕಳು ಈಗ ಏನಂತಾರ? ಬಾದನಹಟ್ಟಿಯಾಕಿ ಬಟ್ಟಿ ಕೆಡಿಸಿ ಹೋದ್ಲು ಅಂತಾರ. ನನಗ ಕೂಲಿ ಎಲ್ಲಿ ಬೇಕಾದ್ರೂ ಸಿಗ್ತೈತಿ ತಂಗೀ. ಹೆಸರು ಸಿಗಂಗಿಲ್ಲ."

ಆಗ ನನಗೆ ನಿಜವಾಗಿ ನಾಚಿಕೆಯಾಯಿತು. ಅವಳ ಕೆಲಸ ಕಳೆದೆ ಎಂದಷ್ಟೇ ನಾನು ತಿಳಿದಿದ್ದೆ. ಅವಳಿಗೂ ನನ್ನ ಹಾಗೆ ತನ್ನ ಕೈಯ ಬಗ್ಗೆ ಜಂಬವಿರಬಹುದೆಂದು ಹೊಳೆದೇ ಇರಲಿಲ್ಲ. ನನ್ನದು ಗದ್ದಲದ ಜಂಬ, ಅವಳದ್ದು ಸದ್ದಿಲ್ಲದ್ದು, ಅಷ್ಟೇ ವ್ಯತ್ಯಾಸ. ಮತ್ತೆ ಅವಳದ್ದಕ್ಕೆ ಎಂಟು ವರ್ಷದ ಆಧಾರವಿತ್ತು.

ಮಾರನೆಯ ದಿನ ಅವಳು ಬಂದಳು, ಆದರೆ ಬಾಗಿಲಲ್ಲೇ ನಿಂತಳು. ಒಳಗೆ ಕಾಲಿಡಲಿಲ್ಲ. ಎಲ್ಲರೂ ಚಹಾಕ್ಕೆ ಎದ್ದಿದ್ದರು. ನಾನು ಹೊಲಿಗೆಯವರ ಸ್ಟೂಲೊಂದನ್ನು ಎಳೆದು ಅದರ ಮೇಲೆ ಹತ್ತಿದೆ. ಯಾಕೆ ಹತ್ತಿದೆನೋ ದೇವರೇ ಬಲ್ಲ. ತಪ್ಪೊಪ್ಪಿಕೊಳ್ಳಲೂ ನನಗೆ ಎತ್ತರ ಬೇಕಾಗಿತ್ತು ಅಂತ ಕಾಣುತ್ತದೆ.

"ಎಲ್ಲಾರೂ ಕೇಳ್ರಿ. ಎಡಗಾಲು ಮಾಡಿದ್ದು ನಾನು. ಯಕ್ಕ ಮೊದ್ಲ ಹೇಳಿದ್ಲು. ನಾ ಕೇಳಲಿಲ್ಲ. ಮ್ಯಾಲೆ ಆಕಿ ಕಡೀಗೆ ಬೆರಳು ತೋರಿಸಿದೆ. ಅದು ನಂದು ತಪ್ಪು."

ಆಮೇಲೆ ಮೊದಲ ಸಾಲಿನವಳು ಗಂಭೀರವಾಗಿ ಕೇಳಿದಳು: "ಆತು ಬಿಡು ಯಕ್ಕಾ, ಸ್ಟೂಲಿಂದ ಇಳೀವಾಗ ಯಾವ ಕಾಲು ಮೊದ್ಲ ಇಡ್ತೀ?"

ಶೆಡ್ಡು ಹಾರಿಹೋಗುವ ಹಾಗೆ ನಕ್ಕರು. ಬಾಗಿಲಲ್ಲಿ ನಿಂತವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು, ಒಳಗೆ ಬಂದಳು. ಅವತ್ತಿನಿಂದ ನನ್ನ ಹೆಸರು ಎಡಗಾಲಮ್ಮ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಕರೆದರೆ ಓ ಅನ್ನುವುದು ರೂಢಿಯಾಯಿತು.

ಟೇಬಲ್ಲು ಮಾತ್ರ ಸಿಗಲಿಲ್ಲ. ಚಾಚಾ ಗುಣವಾಗಿ ಬಂದು ಆ ಎಡಗಾಲುಗಳನ್ನೆಲ್ಲ ಸಣ್ಣ ಹುಡುಗರ ಚಡ್ಡಿ ಮಾಡಿದರು, ಕುರುಗೋಡಿನ ಅಂಗಡಿಯವರಿಗೆ ಪ್ಯಾಂಟು ತಡವಾಗಿ ಹೋದವು. ಚಾಚಾ ಮಾಲೀಕರನ್ನು ಕಾಡಿ ಬೇಡಿ ನನ್ನನ್ನು ಮತ್ತೆ ತಮ್ಮ ಪಕ್ಕಕ್ಕೆ ಕರೆದುಕೊಂಡರು. ಆದರೆ ನಾನೀಗ ಬೇರೆ ಹುಡುಗಿಯಾಗಿದ್ದೆ. ಗೆರೆ ಎಳೆಯುವ ಮೊದಲು ಚಾಚಾನನ್ನು ಕೇಳುವುದು, ಎಳೆದ ಮೇಲೆ ಅಕ್ಕನನ್ನು ಕೇಳುವುದು, ಅವಳು ಸರಿ ಅಂದರೆ ಹೊಲಿಗೆಯವರನ್ನು ಕೇಳುವುದು. ಇದೇ ವಿನಯ ಎಂದುಕೊಂಡಿದ್ದೆ. ಎಲ್ಲರೂ ನನ್ನನ್ನು ಒಳ್ಳೆಯವಳು ಅನ್ನುತ್ತಾರೆ ಎಂದು ಕಾದೆ. ಒಬ್ಬರೂ ಅನ್ನಲಿಲ್ಲ. ಹೊಲಿಗೆ ಸಾಲು ಕೈಕಟ್ಟಿ ಕೂರುತ್ತಿತ್ತು.

ಕೊನೆಗೆ ಅಕ್ಕನೇ ಸಿಡಿದಳು. "ಮೊದ್ಲು ಒಂದು ಮಾತು ಕೇಳ್ತಿದ್ದಿಲ್ಲ, ಈಗ ಕೇಳೋದು ಬಿಡವಲ್ಲಿ! ಅವಾಗ ನಿನಗ ನಾ ಕಾಣ್ತಿದ್ದಿಲ್ಲ. ಈಗ ಕೆಟ್ಟರ ನಮ್ಮ ತಲಿಗೂ ಬರಲಿ ಅಂತ ಕೇಳ್ತೀಯೇನು?"

ಆ ಮಾತು ಮೆಣಸಿನಕಾಯಿಗಿಂತ ಜೋರಾಗಿ ಹತ್ತಿತು, ಯಾಕೆಂದರೆ ಅದು ಖರೆಯಾಗಿತ್ತು. ಆ ವಾರ ಊರಿಗೆ ಹೋದಾಗ ಅವ್ವನ ಮುಂದೆ ಹೇಳಿಕೊಂಡೆ. ಅವ್ವ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ನಾ ಗೌಡ್ರಿಗೆ ನೆಳ್ಳಿಗೆ ಕುಂದರ್ರಿ ಅಂತೀನಲ್ಲ, ಅದನ್ನಷ್ಟ ನೋಡೀದಿ ನೀನು. ಹೊತ್ತು ಮೂಡೂಕ ಮೊದ್ಲ ನಮ್ಮ ಗುಂಪಿನ ಮುದುಕೀನ್ನ ಕರಕೊಂಡು ಹೋಗಿ, ನೀರು ಎಷ್ಟೈತಿ, ಸಸಿ ಬಲ್ತೈತಾ ಅಂತ ಕೇಳಿ ಬಂದಿರ್ತೀನಿ. ಅದನ್ನ ನೀ ನೋಡಿಲ್ಲ, ಮಕ್ಕೊಂಡಿರ್ತಿದ್ದಿ" ಎಂದಳು. ಇಷ್ಟು ವರ್ಷ ಈ ಸಂಗತಿ ಯಾಕೆ ಹೇಳಲಿಲ್ಲ ಎಂದರೆ, "ನೀ ಯಾವಾಗ ಕೇಳಿದ್ದಿ?" ಎಂದು ಮತ್ತೆ ಮೊರ ಎತ್ತಿಕೊಂಡಳು.

ಮುಂದಿನ ವರ್ಷ ಚಾಚಾ ಕೆಲಸ ಬಿಡುವುದಾಗಿ ಹೇಳಿದರು. ಕಣ್ಣು ಸರಿಯಾಗಿತ್ತು, ಮೊಣಕಾಲು ಸೋತಿತ್ತು. ಹೊರಗಿನ ಮಾಸ್ತರನನ್ನು ಕರೆಸಬೇಕೋ, ನನಗೆ ಕೊಡಬೇಕೋ ಎಂದು ಮಾಲೀಕರು ಕೇಳಿದಾಗ ಚಾಚಾ, "ನನಗ್ಯಾಕ ಕೇಳ್ತೀರಿ? ಹಾಸೋಳನ್ನ ಕೇಳ್ರಿ. ಮಾಸ್ತರು ಕೆಲಸ ಮಾಡೋದು ಆಕಿ ಜೋಡಿ" ಅಂದುಬಿಟ್ಟರು.

ಮಾಲೀಕರು ಅಕ್ಕನನ್ನು ಕರೆದರು. ನಾನು ಟೇಬಲ್ಲಿನ ಆಚೆ ತುದಿಯಲ್ಲಿ ನಿಂತಿದ್ದೆ. ಅವಳು ಬೇಡ ಅಂದರೆ ನಾನು ಒಂದು ಮಾತೂ ಆಡುವಂತಿರಲಿಲ್ಲ, ಆ ಹಕ್ಕನ್ನು ನಾನೇ ಕಳೆದುಕೊಂಡಿದ್ದೆ.

ಅಕ್ಕ ಟೇಬಲ್ಲು ನೋಡಿದಳು, ನನ್ನನ್ನು ನೋಡಿದಳು. "ಈಕಿಗೆ ಕೊಡ್ರಿ" ಎಂದಳು. "ಬರೋ ಮಾಸ್ತರ ತಪ್ಪು ಮಾಡಿದ್ರ ಏನಂತಾನೋ ಯಾರಿಗ್ಗೊತ್ತು? ಈಕಿ ಏನಂತಾಳ ಅನ್ನೋದು ನಮಗ ಗೊತ್ತೈತಿ."

ಅವತ್ತೇ ಮಧ್ಯಾಹ್ನ ಮೊದಲ ಕಟಿಂಗ್. ಅಕ್ಕ ಹಾಸಿದಳು, ನಾನು ಗುರುತು ಹಾಕಿದೆ. ಮಷಿನ್ ಕೈಗೆ ತೆಗೆದುಕೊಂಡು, "ಯಕ್ಕಾ, ಒಮ್ಮೆ ನೋಡು" ಎಂದೆ. ಅವಳು ನೋಡಿದಳು. ಮೂಲೆಯಿಂದ ಮೂಲೆಗೆ ನಡೆದಳು, ಪದರಗಳನ್ನು ಎತ್ತಿ ಎತ್ತಿ ಬೆರಳಾಡಿಸಿದಳು, ಗೆರೆಗಳ ಮೇಲೆ ಗೇಣು ಹಾಕಿದಳು. ಬೇಕಂತಲೇ ನಿಧಾನ ಮಾಡುತ್ತಿದ್ದಾಳೆಂದು ನನಗೂ ಗೊತ್ತು, ಇಡೀ ಶೆಡ್ಡಿಗೂ ಗೊತ್ತು. ನಾಲಿಗೆ ತುದಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿದೆ.

"ಹ್ಞೂಂ, ಸರಿ ಐತಿ" ಎಂದಳು.

ನಾನು ಬಾಯಿ ತೆರೆದೆ. "ಖರೇನಾ?" ಎಂದು ಕೇಳುವುದರಲ್ಲಿದ್ದೆ.

"ಒಮ್ಮೆ ಸರಿ ಅಂದೀನಲ್ಲ" ಎಂದು ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಎರಡು ಹೆಜ್ಜೆ ದೂರ ಸರಿದು ನಿಂತಳು. "ಇನ್ನ ಮುಂದಿಂದು ನಿಂದು."

ಇಪ್ಪತ್ತು ಮಂದಿ ನೋಡುತ್ತಿದ್ದರು. ಸ್ವಿಚ್ ಒತ್ತಿದೆ.